ನೆಲ ಇನ್ನೂ ಒಣಗಿಲ್ಲ

ಊರವರೆಲ್ಲ ಉಚ್ಚೆ ಹೊಯ್ಯುವ ಜಾಗ ತೊಳೆಯುವವರು ನಾವು. ನಮಗೆ ಉಚ್ಚೆ ಬಂದರೆ ಮಾತ್ರ ಜಾಗವಿರಲಿಲ್ಲ.

ವಿಮಾನ ನಿಲ್ದಾಣದ ಮೇಲಿನ ಮಹಡಿಗಳಲ್ಲಿ ಎಲ್ಲಿ ತಿರುಗಿದರೂ ಶೌಚಾಲಯ. ಗಂಡಸರದು, ಹೆಂಗಸರದು, ಗಾಲಿಕುರ್ಚಿಯವರದು, ಕೂಸಿನ ಬಟ್ಟೆ ಬದಲಿಸುವವರದು. ಗೋಡೆ ತುಂಬ ಕನ್ನಡಿ. ಕೈ ಒಡ್ಡಿದರೆ ನೀರು, ಕೈ ತೆಗೆದರೆ ಬಿಸಿಗಾಳಿ. ಅದನ್ನೆಲ್ಲ ಮಂಡಿಯೂರಿ ಉಜ್ಜುವವರು ನಾವು. ಕಮೋಡಿನೊಳಗೆ ಕೈ ಹಾಕಿ ಅಂಟಿದ್ದನ್ನು ಕೆರೆದು ತೆಗೆಯುವವರು ನಾವು. ಆದರೆ ಅದರ ಮೇಲೆ ಕೂರುವ ಹಾಗಿಲ್ಲ. ಕೂತದ್ದು ಗೊತ್ತಾದರೆ ಅವತ್ತೇ ಮನೆಗೆ.

ನಮಗೆ ಅಂತ ಒಂದಿತ್ತು. ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗ ದಾಟಿ, ಕಸದ ಡಬ್ಬಗಳ ಹಿಂದೆ. ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಬಾಗಿಲಿಗೆ ಚಿಲಕವಿಲ್ಲ. ಮೇಲಿನ ಪೈಪಿನಿಂದ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಯಾವ ನೀರು ಎಂದು ನಾವು ಯಾರೂ ವಿಚಾರಿಸಲು ಹೋಗುತ್ತಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲಬೇಕು. ಇಬ್ಬರು ಒಟ್ಟಿಗೆ ಕೆಳಗಿಳಿದರೆ ಮೇಲೆ ಸಿಳ್ಳೆಯಪ್ಪ ಸಿಳ್ಳೆ ಹೊಡೆಯುತ್ತಿದ್ದ.

ಸಿಳ್ಳೆಯಪ್ಪ ನಮ್ಮ ಸೂಪರ್‌ವೈಸರ್. ಹೆಸರು ನಾವಿಟ್ಟದ್ದು. ಅವನಿಗೆ ನಮ್ಮ ಹೆಸರುಗಳು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ದರ್ದೂ ಇರಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುವನು, ನಾವು ತಿರುಗಬೇಕು. ಒಂದು ಸಿಳ್ಳೆಗೆ ಹತ್ತಿರ ಇದ್ದವಳು, ಎರಡು ಸಿಳ್ಳೆಗೆ ಎಲ್ಲರೂ. ಇಷ್ಟು ವರ್ಷ ತಿರುಗಿದೆವು. ಬಾಲ ಅಲ್ಲಾಡಿಸಲಿಲ್ಲ, ಅಷ್ಟೆ.

ನಮ್ಮಲ್ಲೆಲ್ಲ ಹಿರಿಯಳು ದೊಡ್ಡಕ್ಕ. ಸಕ್ಕರೆ ಕಾಯಿಲೆಯವಳು. ಗಳಿಗೆಗೊಮ್ಮೆ ಹೋಗಬೇಕು. ಅವತ್ತು ಅವಳು ಸಿಳ್ಳೆಯಪ್ಪನ ಹತ್ತಿರ ಹೋಗಿ ಕಿರುಬೆರಳು ತೋರಿಸಿದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು ಶಾಲೆಯ ಮಗುವಿನ ಹಾಗೆ ಕಿರುಬೆರಳು ತೋರಿಸಬೇಕು.

"ಈಗ ತಾನೇ ಹೋಗಿದ್ದೆಯಲ್ಲ. ಹೊಟ್ಟೇಲಿ ನಲ್ಲಿ ಹಾಕಿಸ್ಕೊಂಡಿದೀಯಾ?" ಅಂದ ಅವನು. "ಹೋಗು, ಅಲ್ಲಿ ಯಾವುದೋ ಮಗು ಜ್ಯೂಸ್ ಚೆಲ್ಲಿದೆ, ಒರೆಸು."

ದೊಡ್ಡಕ್ಕ ಹೋದಳು. ಬಗ್ಗಿದಳು. ಬಗ್ಗಿದಲ್ಲೇ ಆಗಿಹೋಯಿತು. ಕಾಲಿನಗುಂಟ ಇಳಿದು, ಬೂಟಿಗೆ ತುಂಬಿ, ನಾವೇ ಕನ್ನಡಿಯ ಹಾಗೆ ಮಾಡಿಟ್ಟ ನೆಲದ ಮೇಲೆ ಹರಿಯಿತು. ಜನ ತಮ್ಮ ಚೀಲಗಳನ್ನು ಎತ್ತಿಕೊಂಡು ಸರಿದರು. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು. ದೊಡ್ಡಕ್ಕ ನಡುವೆ ನಿಂತಿದ್ದಳು, ಎರಡು ಕೈಯಲ್ಲೂ ಮಾಪಿನ ಕೋಲು ಹಿಡಿದು. ಆಗ ಸಿಳ್ಳೆ ಕೇಳಿಸಿತು.

"ನಿಂದೇ ತಾನೇ? ನೀನೇ ಒರೆಸು."

ಅವಳು ಒರೆಸಲು ಬಗ್ಗಿದಳು. ನನಗೆ ಉರಿದದ್ದು ಅದಕ್ಕೆ. ಅವನು ಹೇಳಿದ್ದಕ್ಕಲ್ಲ, ಇವಳು ಬಗ್ಗಿದ್ದಕ್ಕೆ. ನಾನು ಓಡಿ ಹೋಗಿ ಮಾಪಿನ ಬಟ್ಟೆಯ ಮೇಲೆ ಕಾಲಿಟ್ಟೆ. ಗಟ್ಟಿಯಾಗಿ ಒತ್ತಿ ನಿಂತೆ.

"ಕಾಲು ತೆಗಿ," ಅಂದ ಸಿಳ್ಳೆಯಪ್ಪ.

"ತೆಗೆಯಲ್ಲ."

"ಹಾಗಾದ್ರೆ ನೀನು ಒರೆಸು."

"ನಾನೂ ಒರೆಸಲ್ಲ, ಅವಳೂ ಒರೆಸಲ್ಲ. ಅದು ನೀವು ಮಾಡಿಸಿದ್ದು. ನೀವು ಒರೆಸಿ."

ಅವನು ಎರಡು ಸಿಳ್ಳೆ ಹಾಕಿದ. ಎಲ್ಲರೂ ಬಂದರು. ಬಂದವರು ಬಕೆಟ್ಟುಗಳನ್ನು ಒಂದೊಂದಾಗಿ ಅವನ ಕಾಲ ಬುಡದಲ್ಲಿಟ್ಟು, ದೊಡ್ಡಕ್ಕನನ್ನು ನಡುವೆ ಹಾಕಿಕೊಂಡು ಹೊರಗೆ ನಡೆದರು. ಮುಷ್ಕರ ಶುರುವಾದದ್ದು ಹೀಗೆ. ಭಾಷಣ ಗೀಷಣ ಏನೂ ಇರಲಿಲ್ಲ.

ನಮ್ಮನ್ನು ಕೆಲಸಕ್ಕಿಟ್ಟುಕೊಂಡದ್ದು ಒಂದು ಗುತ್ತಿಗೆ ಕಂಪನಿ. ಅವರು ನಾವು ಕೂತ ಗೇಟಿನ ಹತ್ತಿರ ಬರಲೇ ಇಲ್ಲ. ಕಡೆಗೆ ಒಂದು ಸುದ್ದಿ ಕಳಿಸಿದರು. ಮಾತುಕತೆ ಕಾರ್ಮಿಕ ಅಧಿಕಾರಿಗಳ ಎದುರಿಗೆ, ದೂರದ ದೊಡ್ಡ ಪಟ್ಟಣದಲ್ಲಿ, ನಾಡಿದ್ದು ಬೆಳಿಗ್ಗೆ. ರೈಲು ಹತ್ತಿ ಹೊರಟರೆ ನಾವು ಮುಟ್ಟುವಷ್ಟರಲ್ಲಿ ಅಧಿಕಾರಿ ತೀರ್ಪು ಬರೆದು, ಊಟ ಮಾಡಿ, ಒಂದು ನಿದ್ದೆಯನ್ನೂ ತೆಗೆದಿರುತ್ತಾರೆ. ಬರದವರ ಮಾತು ಕೇಳುವುದು ಹೇಗೆ ಎಂದು ಕೈತೊಳೆದುಕೊಳ್ಳುವ ಉಪಾಯ ಅದು.

"ವಿಮಾನದಲ್ಲಿ ಹೋದ್ರಾಯ್ತು," ಅಂದಳು ದೊಡ್ಡಕ್ಕ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು ಸುಸ್ತಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಯಾಕಾಗಬಾರದು? ವಿಮಾನ ನಿಲ್ದಾಣದ ದಾರಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರಿವರ ಸೆರಗಿನ ಗಂಟು, ಡಬ್ಬಿಯ ತಳ ಎಲ್ಲ ಸೇರಿ ಒಂದು ಟಿಕೆಟ್ಟಾಯಿತು. ಹೋಗುವುದಕ್ಕೆ ಮಾತ್ರ. ಬರುವುದಕ್ಕೆ ರೈಲಿದೆಯಲ್ಲ.

"ಕಾಲಿಟ್ಟವಳೇ ಹೋಗಲಿ," ಅಂದರು. ನಾನು ಹೊರಟೆ.

ಮನೆಯಲ್ಲಿ ನಾನು, ನನ್ನತ್ತೆ ಇಬ್ಬರೇ. ಗಂಡನಿಗೆ ಹಡಗೊಂದರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ, ಯಾವಾಗಲೋ ಬರುತ್ತಾನೆ. ಅತ್ತೆ ಬದುಕಿಡೀ ಆಸ್ಪತ್ರೆಯ ವಾರ್ಡುಗಳನ್ನು ತೊಳೆದವಳು. ಈಗ ಮಂಡಿ ನೋವೆಂದು ಮನೆಯಲ್ಲಿದ್ದಳು. ಮಂಡಿಗೆ ನೋವು ಬಂದಿತ್ತು, ನಾಲಿಗೆಗೆ ಬಂದಿರಲಿಲ್ಲ. ಅವಳ ಬಾಯಿಗೆ ಹೆದರಿ ಆಸ್ಪತ್ರೆಯಲ್ಲಿ ಕಾಯಿಲೆಗಳೇ ರೋಗಿಗಳನ್ನು ಬೇಗ ಬಿಟ್ಟು ಹೋಗುತ್ತಿದ್ದವಂತೆ. ಮುಷ್ಕರದ ಬಗ್ಗೆ ಅವಳಿಗೆ ಅಷ್ಟಕ್ಕಷ್ಟೆ.

"ಗೇಟಿನ ಮುಂದೆ ಕೂತು ಕೂಗಿದ್ರೆ ಯಾರಿಗೆ ಕೇಳುತ್ತೆ? ಗೇಟಿಗೆ ಕೇಳುತ್ತೆ," ಅನ್ನುತ್ತಿದ್ದಳು.

ಆದರೆ ದಿನಾ ಏನಾದರೊಂದು ಕೆದಕುವಳು. ಬಕೆಟ್ಟೆಲ್ಲ ಎಲ್ಲಿಡ್ತಾರೆ? ಯಾವ ಹೊತ್ತಲ್ಲಿ ಜನ ಜಾಸ್ತಿ? ನಿಲ್ದಾಣದ ಮ್ಯಾನೇಜರು ಯಾವುದಕ್ಕೆ ಹೆದರ್ತಾನೆ? ಮುದುಕಿಗೆ ಹೊತ್ತು ಹೋಗುವುದಿಲ್ಲ, ಕೇಳುತ್ತಾಳೆ ಎಂದು ನಾನು ಹೇಳುತ್ತಿದ್ದೆ.

ನಾನು ಹೊರಡುವ ದಿನ ಬೆಳಗಾಗುತ್ತಲೇ ಅವಳು ಒಂದು ಚೀಲ ಹಿಡಿದು ಹೊರಟು ನಿಂತಳು.

"ಮಗಳ ಮನೆಗೆ ಹೋಗಿಬರ್ತೀನಿ."

"ಇವತ್ತೇ ಹೋಗಬೇಕಾ? ನಾನು ಹೊರಡೋ ದಿನ?"

"ನೀನೇನು ಚಂದ್ರಲೋಕಕ್ಕೆ ಹೋಗ್ತಿದೀಯಾ?" ಅಂದು ಹೋಗಿಯೇಬಿಟ್ಟಳು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಮಂದಿ ಕೂಡಿ ಕಳಿಸುತ್ತಿದ್ದಾರೆ, ಮನೆಯವಳೇ ಬಾಗಿಲವರೆಗೆ ಬರಲಿಲ್ಲವಲ್ಲ ಅನ್ನಿಸಿತು.

ಗೇಟಿನಲ್ಲಿ ನಮ್ಮವರೆಲ್ಲ ಮುತ್ತಿಕೊಂಡರು. ಬುದ್ಧಿ ಹೇಳಿದ್ದೇ ಹೇಳಿದ್ದು. "ನೆಲದ ಮೇಲೆ ಏನು ಬಿದ್ದಿದ್ರೂ ಎತ್ತಬೇಡ." "ಕೈ ಕಟ್ಕೊಂಡು ಕೂತ್ಕೋ. ನಿನ್ನ ಕೈ ನಂಬೋಹಾಗಿಲ್ಲ." "ಕುರ್ಚಿ ಮೇಲೆ ಕೂತ್ಕೋ ಮಾರಾಯ್ತಿ, ನಮ್ಮ ಪರವಾಗಿ ಒಂದ್ಸಲ."

 ದೊಡ್ಡಕ್ಕ ಮಾತ್ರ ನನ್ನ ಸೆರಗು ಸರಿಮಾಡಿದಳು.

ಮುಂಬಾಗಿಲಲ್ಲಿ ಕಾವಲಿನವನು ನನ್ನನ್ನು ನೋಡಿ ತಬ್ಬಿಬ್ಬಾದ. ಹಿಂಬಾಗಿಲಲ್ಲಿ ದಿನಾ ಸಂಜೆ ನಮ್ಮ ಚೀಲಕ್ಕೆ ಕೈ ಹಾಕಿ ಸೋಪು ಕದ್ದಿದ್ದೇವೆಯೋ ಎಂದು ತಡಕುವವನು ಅವನೇ. ಟಿಕೆಟ್ಟು ತೋರಿಸಿದೆ. ನೋಡಿದ. ತಿರುಗಿಸಿ ನೋಡಿದ. ಅಭ್ಯಾಸ ಬಲದಿಂದ ಬಾಯಿ ತಾನಾಗಿ ಅಂದಿತು: "ಸ್ವಾಗತ ಮೇಡಂ."

"ಚೀಲ ನೋಡಲ್ವಾ?" ಅಂದೆ.

"ಹೋಗಿ ಮೇಡಂ," ಅಂದ, ಬೇರೆ ಕಡೆ ನೋಡುತ್ತ.

ಒಳಗೆ ಹೋಗಿ ನೋಡುತ್ತೇನೆ, ನಮ್ಮ ನೆಲ ಗುರುತೇ ಸಿಗದ ಹಾಗಿತ್ತು. ಕಸದ ಡಬ್ಬಗಳು ತುಂಬಿ ಬಾಯಲ್ಲಿ ನೊರೆ ಬಂದವರ ಹಾಗೆ ಕಾಫಿ ಲೋಟಗಳನ್ನು ಉಗುಳುತ್ತಿದ್ದವು. ಟೈ ಕಟ್ಟಿದ ಇಬ್ಬರು ಆಫೀಸಿನವರು ಒಂದು ಕಾಗದದ ಲೋಟವನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು ನಡೆಯುತ್ತಿದ್ದರು. ಉಜ್ಜಿದ್ದ ಗಾಜಿನ ಮೇಲೆಲ್ಲ ಮಕ್ಕಳ ಅಂಗೈ. ನನ್ನ ಕೈ ಕಡಿಯತೊಡಗಿತು. ನಿಜವಾಗಿ ಕಡಿಯಿತು. ಕಾಲ ಬಳಿ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು. ಅರ್ಧ ಬಗ್ಗಿಬಿಟ್ಟಿದ್ದೆ. ಬೂಟಿನ ದಾರ ಕಟ್ಟುವವಳ ಹಾಗೆ ನಟಿಸಿ ಎದ್ದೆ. ನನ್ನ ಚಪ್ಪಲಿಗೆ ದಾರವಿರಲಿಲ್ಲ ಅನ್ನುವುದು ಬೇರೆ ಮಾತು.

ಹೋಗಿ ಕುರ್ಚಿಯ ಮೇಲೆ ಕೂತೆ. ಆ ಕುರ್ಚಿಗಳ ಕಾಲು ಕಾಲು ನನಗೆ ಗೊತ್ತು, ಅಡಿಯಲ್ಲಿ ಅಂಟಿಸಿದ ಚ್ಯೂಯಿಂಗ್ ಗಮ್ಮು ಕೆರೆದವಳು ನಾನು. ಮೇಲೆ ಇಷ್ಟು ಮೆತ್ತಗಿದೆ ಎಂದು ಗೊತ್ತಿರಲಿಲ್ಲ.

ಆಗ ಸಿಳ್ಳೆ ಕೇಳಿಸಿತು. ಕತ್ತು ತಿರುಗಲು ಹೊರಟಿತು. ಹಲ್ಲು ಕಚ್ಚಿ ತಡೆದೆ. ಮತ್ತೆ ಸಿಳ್ಳೆ. ನಾನು ಎದುರಿನ ಗೋಡೆ ನೋಡುತ್ತ ಕೂತೆ. ಮೂರನೆಯದಕ್ಕೆ ಪಕ್ಕದಲ್ಲಿ ಕೂತ ದಪ್ಪ ಕನ್ನಡಕದ ಅಜ್ಜಿ ಸಿಡಿದೆದ್ದಳು.

"ಯಾರ್ರೀ ಅದು? ಹೆಂಗಸರು ಕೂತಿದ್ರೆ ಸಿಳ್ಳೆ ಹೊಡೀತಾನೆ! ನಾಚಿಕೆ ಆಗಲ್ವಾ ಈ ವಯಸ್ಸಲ್ಲಿ? ಸೆಕ್ಯುರಿಟಿ!"

ಕಾವಲಿನವನು ಓಡಿಬಂದ. ಸಿಳ್ಳೆಯಪ್ಪ ಕಸದ ಚೀಲ ಹೊತ್ತು ನಿಂತಿದ್ದ, ಬೆವರು ಸುರಿಯುತ್ತಿತ್ತು. "ಇವಳು ನಮ್ಮ ಕೆಲಸದವಳು," ಅಂದ.

"ನಾನು ಪ್ರಯಾಣಿಕಳು," ಅಂದೆ. ಟಿಕೆಟ್ಟು ತೋರಿಸಿದೆ.

"ಸಾರ್, ಪ್ರಯಾಣಿಕರಿಗೆ ಹಾಗೆಲ್ಲ ಮಾಡಬಾರದು," ಅಂದ ಕಾವಲಿನವನು. ಅವನ ಮುಖದಲ್ಲಿ ಒಂದು ಬಗೆಯ ಆನಂದವಿತ್ತು. ಅವನನ್ನೂ ಸಿಳ್ಳೆ ಹೊಡೆದೇ ಕರೆಯುತ್ತಿದ್ದರೋ ಏನೋ.

ಸಿಳ್ಳೆಯಪ್ಪ ಬಗ್ಗಿ ನನ್ನ ಕಿವಿಯ ಹತ್ತಿರ ಅಂದ: "ನೀವಿಲ್ಲದಿದ್ರೆ ನಿಂತುಹೋಗುತ್ತೆ ಅಂದ್ಕೊಂಡ್ರಾ? ಹೊಸ ಜನ ಬಂದಾಯ್ತು, ಬೆಳಿಗ್ಗೆಯಿಂದ ಬಾತ್‌ರೂಮು ತೊಳೀತಿದಾರೆ, ಆಮೇಲೆ ಈ ನೆಲ. ಅದರಲ್ಲಿ ಒಬ್ಬಳು ಮುದುಕಿ ಇದಾಳೆ. ಏನು ಅಚ್ಚುಕಟ್ಟು! ಉಗ್ರಾಣದ ಬೀಗದಕೈ ಅವಳ ಕೈಗೇ ಕೊಟ್ಟಿದೀನಿ. ನೀವೆಲ್ಲ ಅವಳ ಕಾಲಡಿ ನುಸುಳಬೇಕು."

 ಬದಲಿ ಜನ ಬಂದರೆ ಗೇಟಿನ ಮುಂದೆ ನಾವು ಬಿಸಿಲಿಗೆ ಒಣಗಿದ್ದೇ ಬಂತು. ಕೂರಲಾಗಲಿಲ್ಲ. ಉಚ್ಚೆಯೂ ಒತ್ತುತ್ತಿತ್ತು. ಎದ್ದು ಹೆಂಗಸರ ಶೌಚಾಲಯದ ಕಡೆ ನಡೆದೆ. ಇವತ್ತು ನನ್ನನ್ನು ತಡೆಯುವವರು ಯಾರು?

ತಡೆಯುವವಳಿದ್ದಳು. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿತ್ತು. ಹಗ್ಗದ ಮುಂದೆ ಹಳದಿ ಬೋರ್ಡು: ನೆಲ ಒದ್ದೆಯಿದೆ, ಜಾರೀತು. ಬೋರ್ಡಿನ ಪಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕಂಪನಿಯ ಹಸಿರು ಕೋಟು ತೊಟ್ಟು, ಮಾಪನ್ನು ರಾಜದಂಡದ ಹಾಗೆ ಹಿಡಿದು ಒಬ್ಬ ಮುದುಕಿ ಕೂತಿದ್ದಳು.

ನನ್ನತ್ತೆ.

 ಮುಷ್ಕರ ಮುರಿಯಲು ಬಂದ ಬದಲಿ ಜನರಲ್ಲಿ ನನ್ನ ಮನೆಯವಳೇ! ನಾಳೆ ಅಧಿಕಾರಿಯ ಮುಂದೆ ನಾನು ಯಾವ ಮುಖದಲ್ಲಿ ಮಾತಾಡಲಿ? ಗೇಟಿನಲ್ಲಿ ನನ್ನ ಸೆರಗು ಸರಿಮಾಡಿದವಳಿಗೆ ಏನು ಹೇಳಲಿ?

"ಮಗಳ ಮನೆಗೆ ಹೋಗ್ತೀನಿ ಅಂದ್ರಲ್ಲ?" ಹಲ್ಲು ಕಡಿದು ಕೇಳಿದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಯಾರಮ್ಮ ನೀನು? ಬಾತ್‌ರೂಮು ಬಂದ್ ಆಗಿದೆ."

"ಅತ್ತೇ!"

"ಅತ್ತೆ ಇಲ್ಲ, ಗಿತ್ತೆ ಇಲ್ಲ. ನೆಲ ಒಣಗಿಲ್ಲ."

"ನಿಮಗೆ ಮಾನ ಇದೆಯಾ? ನಮ್ಮವರ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದೀರಲ್ಲ?"

ನನ್ನ ಧ್ವನಿ ಏರಿತ್ತು. ಅವಳು ಮೆಲ್ಲಗೆ ಎದ್ದು, ಮಾಪನ್ನು ಪಕ್ಕದ ಇನ್ನೊಂದು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ಎತ್ತಿ, ನೆಲದ ಒಂದು ಕಲ್ಲಿನ ಮೇಲೆ ಇಟ್ಟಳು. ಎಡಕ್ಕೆ ಎಳೆದಳು. ಬಲಕ್ಕೆ ಎಳೆದಳು. ಮತ್ತೆ ಅದೇ ಕಲ್ಲು. ಮತ್ತೆ ಎಡಕ್ಕೆ. ನನ್ನ ಮೂಗಿಗೆ ಫಿನಾಯಿಲಿನ ವಾಸನೆ ಬರಲಿಲ್ಲ. ಬಕೆಟ್ಟಿನಲ್ಲಿ ಬರೀ ನೀರು, ತಿಳಿ ನೀರು, ತಳ ಕಾಣುತ್ತಿತ್ತು.

"ಆಸ್ಪತ್ರೆಲಿ ಮೂರು ವಾರ್ಡು ಒಬ್ಬಳೇ ತೊಳೀತಿದ್ದೆ," ಅಂದಳು, ಬಾಯಿ ಅಲುಗಿಸದೆ. "ಇವತ್ತು ಒಂದು ಕಲ್ಲು ಸಾಕು. ಸುತ್ತ ನೋಡು ಹೆಡ್ಡಿ."

ತಿರುಗಿ ನೋಡಿದೆ. ಆಚೆ ಗಂಡಸರ ಬಾಗಿಲಿಗೂ ಹಗ್ಗ, ಹಳದಿ ಬೋರ್ಡು, ಬಕೆಟ್ಟಿನ ಮೇಲೆ ಒಬ್ಬ ಬದಲಿ ಆಳು. ಗಾಲಿಕುರ್ಚಿಯವರದನ್ನು ಮಾತ್ರ ಅತ್ತೆ ತೆರೆದಿಟ್ಟಿದ್ದಳು; ಅಲ್ಲಿ ನಿಜವಾಗಿ ಗಾಲಿಕುರ್ಚಿಯಲ್ಲಿ ಬಂದವರನ್ನೂ ಕೂಸು ಎತ್ತಿಕೊಂಡವರನ್ನೂ ಬಿಟ್ಟು ಬೇರೆ ಯಾರನ್ನೂ ಬಿಡದ ಹಾಗೆ ಇನ್ನೊಬ್ಬ ಹೆಂಗಸು ಕಾವಲಿದ್ದಳು. ಮೇಲಿನ ಮಹಡಿಯ ಕಟಕಟೆಯ ಹಿಂದೆಯೂ ಹಳದಿ. ಉಗ್ರಾಣದಲ್ಲಿದ್ದ ಬೋರ್ಡುಗಳೆಲ್ಲ ಹೊರಬಂದಿದ್ದವು.

ಆ ಬದಲಿ ಜನಕ್ಕೆ ಮುಷ್ಕರವಿದೆ ಎಂದು ಯಾರೂ ಹೇಳಿರಲಿಲ್ಲ. ಕಿಟಕಿ ಮುಚ್ಚಿದ ವ್ಯಾನಿನಲ್ಲಿ ತುಂಬಿಕೊಂಡು ಹಿಂಬಾಗಿಲಿಂದ ತಂದಿದ್ದರು. ಆಳು ಹುಡುಕುತ್ತಿದ್ದಾರೆಂಬ ಸುದ್ದಿ ಹಿಡಿದು ಅತ್ತೆಯೂ ಅದೇ ವ್ಯಾನು ಹತ್ತಿದ್ದಳಂತೆ. ಅತ್ತೆ ಬೆಳಿಗ್ಗೆಯೆಲ್ಲ ಎಲ್ಲರಿಗಿಂತ ಚೆನ್ನಾಗಿ ತೊಳೆದು, ಬೀಗದಕೈ ಸಂಪಾದಿಸಿ, ಆಮೇಲೆ ಟೀ ಕುಡಿಯುವಾಗ ದೊಡ್ಡಕ್ಕನ ಕಥೆ ಹೇಳಿದಳಂತೆ. ಕೇಳಿದವರು ಲೋಟ ಕೆಳಗಿಟ್ಟು, "ಏನು ಮಾಡಬೇಕು ಹೇಳಜ್ಜಿ" ಅಂದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಕಂಡದ್ದು ಜನ. ಕಾಲು ಹೆಣೆದು ನಿಂತ ಜನ. ಕುಣಿಯುವಂತೆ ನಿಂತ ಜನ. ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಗಾಲಿ ಪೆಟ್ಟಿಗೆ ಎಳೆದು ಓಡುವ ಜನ.

ಒಬ್ಬ ಹಗ್ಗ ದಾಟಲು ಕಾಲೆತ್ತಿದ.

"ದಾಟಪ್ಪ, ದಾಟು," ಅಂದಳು ಅತ್ತೆ. "ಔಷಧಿ ಹಾಕಿದೀನಿ, ಚರ್ಮ ಸುಡುತ್ತೆ. ಕಳೆದ ಸಲ ಆಸ್ಪತ್ರೆಲಿ ಒಬ್ಬ ಹೀಗೇ ದಾಟಿದ. ಸೊಂಟ ಎರಡು ತುಂಡು. ಎಲ್ಲರ ಮೇಲೂ ಕೇಸು ಹಾಕಿದ."

ಅಷ್ಟರಲ್ಲಿ ಮ್ಯಾನೇಜರು ಬಂದಿದ್ದ. ಬೋರ್ಡು ಎತ್ತಲು ಬಗ್ಗಿದವನು ಕೇಸು ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ಹಿಂದಕ್ಕೆಳೆದುಕೊಂಡ. "ಎಷ್ಟು ಹೊತ್ತು ಬೇಕು ಒಣಗೋಕೆ?" ಅಂದ.

"ನೆಲದ ಮರ್ಜಿ ಸಾರ್."

"ಬೇಗ ಒಣಗಿಸು!"

"ಊದಲಾ ಸಾರ್?"

ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಇಷ್ಟು ಹೊತ್ತು ಬೈದ ಬಾಯಲ್ಲಿ ಈಗ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಷ್ಟೇ ಅಲ್ಲ, ಬೇರೆ ಕಡೆಯಿಂದಲೂ ಬರುವುದರಲ್ಲಿತ್ತು. ನನಗೂ ನಿಜವಾಗಿ ಅವಸರವಾಗಿತ್ತು.

ಜನ ಮ್ಯಾನೇಜರನನ್ನು ಸುತ್ತಿಕೊಂಡರು. ಒಬ್ಬರು ಅಂಗಿ ಹಿಡಿದರು. "ನೌಕರರದ್ದು ಒಂದಾದ್ರೂ ಇರಬೇಕಲ್ರೀ? ಅದನ್ನಾದ್ರೂ ತೆಗೀರಿ!" ಎಂದು ಯಾರೋ ಕೂಗಿದರು. ಮ್ಯಾನೇಜರು ಸಿಳ್ಳೆಯಪ್ಪನ ಮುಖ ನೋಡಿದ. ಸಿಳ್ಳೆಯಪ್ಪ ನೆಲ ನೋಡಿದ. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕದಲ್ಲಿ, ವಿಮಾನಗಳನ್ನು ಕರೆಯುವ ಅದೇ ಸಕ್ಕರೆ ದನಿ ಕೇಳಿಸಿತು: ತುರ್ತಿನಲ್ಲಿರುವ ಪ್ರಯಾಣಿಕರು ದಯಮಾಡಿ ಸರಕಿನ ಲಿಫ್ಟಿನಲ್ಲಿ ನೆಲಮಾಳಿಗೆಗೆ ತೆರಳಬೇಕು.

ಸರಕಿನ ಲಿಫ್ಟು ಅಂದರೆ ಕಸದ ಲಿಫ್ಟು. ನಾವು ಓಡಾಡುವುದು ಅದರಲ್ಲೇ. ಅವತ್ತು ಅದರಲ್ಲಿ ಕೋಟಿನವರು, ಅತ್ತರಿನವರು, ಕಿವಿಯಲ್ಲಿ ಫೋನು ಸಿಕ್ಕಿಸಿಕೊಂಡವರು ಎಲ್ಲ ಮೂಗು ಮುಚ್ಚಿಕೊಂಡು ಇಳಿದರು. ನಾನೂ ಇಳಿದೆ. ಕಾರುಗಳ ನಡುವೆ, ಡಬ್ಬಗಳ ಹಿಂದೆ ಸಾಲು ನಿಂತಿತು. ಸಾಲಿನ ತುದಿಯಲ್ಲಿ ನಮ್ಮ ಬಾಗಿಲು.

ನನ್ನ ಮುಂದೆ ಬೂದು ಕೋಟಿನವರೊಬ್ಬರಿದ್ದರು. ತಲೆಗೂದಲು ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿತ್ತು. ಕಂಕುಳಲ್ಲಿ ಚರ್ಮದ ಚೀಲ. ಸರದಿ ಬಂದಾಗ ಒಳಗೆ ಹೋದರು, ಹಾಗೆಯೇ ಹೊರಗೆ ಬಂದರು.

"ಚಿಲಕ ಎಲ್ಲಿದೆ?"

"ಇಲ್ಲ," ಅಂದೆ.

"ಇಲ್ಲ ಅಂದ್ರೆ? ಹೇಗೆ ಮತ್ತೆ...?"

"ಹೊರಗೆ ಯಾರಾದ್ರೂ ಹಿಡ್ಕೋಬೇಕು."

ಅವರು ಸಾಲನ್ನು ನೋಡಿದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ. "ಅಮ್ಮಾ, ದಯವಿಟ್ಟು ಸ್ವಲ್ಪ..." ಅಂದರು. ನಾನು ಬಾಗಿಲು ಹಿಡಿದೆ. ಹಿಡಿದು ಹಿಡಿದು ಅಭ್ಯಾಸವಿದ್ದ ಕೈ. ಒಳಗಿಂದ "ಅಯ್ಯೋ!" ಎಂದು ಕೇಳಿಸಿತು.

"ಏನಾಯ್ತು ಸಾರ್?"

"ಮೇಲಿಂದ ಏನೋ ಬೀಳ್ತಿದೆ!"

"ಪೈಪು ಸಾರ್. ತಲೆ ಸ್ವಲ್ಪ ಎಡಕ್ಕೆ ವಾಲಿಸಿ ಕೂತ್ಕೊಳ್ಳಿ."

 ಬಾಗಿಲು ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಸಾಲಿನ ಅಷ್ಟೂ ಜನ ನೋಡಲಿ, ಮಾನ ಹೋಗುವುದು ಹೇಗಿರುತ್ತದೆ ಎಂದು ಒಬ್ಬರಿಗಾದರೂ ಗೊತ್ತಾಗಲಿ. ಬೆರಳು ಸಡಿಲವೂ ಆದವು. ಆದರೆ ಬಿಡಲಿಲ್ಲ. ಒಳಗೆ ಕೂತವರ ಬಾಗಿಲು ಬಿಡುವುದು ಆಗದ ಕೆಲಸ. ನಮ್ಮಲ್ಲಿ ಯಾರೂ ಯಾರಿಗೂ ಹಾಗೆ ಮಾಡಿದವರಲ್ಲ.

ಅವರು ಹೊರಬಂದರು. ಬಾಚಿದ ಕೂದಲ ಒಂದು ಕಡೆ ತೊಯ್ದಿತ್ತು. ಕೈ ಮುಂದೆ ಚಾಚಿ ನೀರಿಗೆ ಹುಡುಕಿದರು. ನಾನು ನಲ್ಲಿ ತೋರಿಸಿದೆ, ದೂರದಲ್ಲಿ, ಕಾರು ತೊಳೆಯುವಲ್ಲಿ.

"ಇದನ್ನ ದಿನಾ ಯಾರು ಉಪಯೋಗಿಸ್ತಾರೆ?"

"ಈ ನಿಲ್ದಾಣ ತೊಳೆಯೋರು."

"ಥೂ! ಮನುಷ್ಯರು ಹೋಗೋ ಜಾಗಾನಾ ಇದು?" ಅಂದರು. ಅಂದು, ನಲ್ಲಿಯ ಕಡೆ ಹೋದರು.

ನಾನು ಮೇಲೆ ಬಂದಾಗ ನನ್ನ ವಿಮಾನ ಕರೆಯುತ್ತಿದ್ದರು. ಸಾಲಿನಲ್ಲಿ ನಿಂತಾಗ ದೂರದಲ್ಲಿ ಅತ್ತೆ ಕಂಡಳು. ಮ್ಯಾನೇಜರು ಕೊನೆಗೂ ಧೈರ್ಯ ಮಾಡಿ ಹಗ್ಗ ಕಿತ್ತುಹಾಕಿದ್ದ. ನೆಲ ಮುಟ್ಟಿ ಬೆರಳು ಮೂಸಿ ನೋಡಿದ್ದ. "ಬರೀ ನೀರು! ಔಷಧಿ ಎಲ್ಲಿ?" ಎಂದು ಅರಚುತ್ತಿದ್ದ. ಅತ್ತೆ ಹಸಿರು ಕೋಟು ಬಿಚ್ಚಿ, ಮಡಿಸಿ, ಹಳದಿ ಬೋರ್ಡಿನ ಹೆಗಲಿಗೆ ಹಾಕಿದಳು. ಬೀಗದಕೈಯನ್ನು ಸಿಳ್ಳೆಯಪ್ಪನ ಜೇಬಿಗಿಳಿಸಿದಳು. ಆಮೇಲೆ ಆ ಬದಲಿ ಜನರನ್ನೆಲ್ಲ ಹಿಂದಿಟ್ಟುಕೊಂಡು, ಮಂಡಿ ಎಳೆಯುತ್ತ, ಮುಂಬಾಗಿಲಿಂದ ಹೊರಗೆ ನಡೆದಳು. ಗೇಟಿನಿಂದ ಕೂಗು ಎದ್ದದ್ದು ಒಳಗಿನ ಗಾಜಿಗೂ ಕೇಳಿಸಿತು.

ವಿಮಾನದಲ್ಲಿ ಕಿಟಕಿಯ ಪಕ್ಕ ಕೂತೆ. ಕೆಳಗೆ ನಿಲ್ದಾಣ ಕಂಡಿತು, ಅಂಗೈಯಷ್ಟು. ಇಷ್ಟು ಚಿಕ್ಕದನ್ನು ತೊಳೆಯಲು ನಮ್ಮ ಸೊಂಟವೆಲ್ಲ ಹೋಯಿತೇ ಅನ್ನಿಸಿತು.

ಮರುದಿನ ಬೆಳಿಗ್ಗೆ ಕಾರ್ಮಿಕ ಅಧಿಕಾರಿಯ ಕೋಣೆ. ಅಧಿಕಾರಿ ಹೆಂಗಸು, ಶೀತ ಹಿಡಿದು ಮೂಗು ಕೆಂಪಾಗಿತ್ತು. ನಾನು ಬಂದದ್ದು ನೋಡಿ ಅವರ ಗುಮಾಸ್ತನಿಗೇ ಆಶ್ಚರ್ಯ. ಎದುರು ಕುರ್ಚಿಯಲ್ಲಿ ಕಂಪನಿಯ ವಕೀಲರು ತಲೆ ತಗ್ಗಿಸಿ ಕಾಗದ ಜೋಡಿಸುತ್ತಿದ್ದರು. ಬೂದು ಕೋಟು. ಹಿಂದಕ್ಕೆ ಬಾಚಿದ ಕೂದಲು. ಈಗ ಎರಡೂ ಕಡೆ ಒಣಗಿತ್ತು.

ನನಗೆ ಗುರುತು ಸಿಕ್ಕಿತು. ಅವರು ತಲೆ ಎತ್ತಲಿಲ್ಲ. ಓದತೊಡಗಿದರು. ಕಂಪನಿ ಕಾರ್ಮಿಕರನ್ನು ಮಕ್ಕಳಂತೆ ನೋಡಿಕೊಳ್ಳುತ್ತಿದೆ. ಕಾರ್ಮಿಕರಿಗಾಗಿಯೇ ಪ್ರತ್ಯೇಕವಾದ, ಸುಸಜ್ಜಿತವಾದ, ಸುರಕ್ಷಿತವಾದ ಶೌಚಾಲಯವಿದೆ. ಆದ್ದರಿಂದ ಮೇಲಿನವುಗಳನ್ನು ಕೇಳುವುದು ಬರಿಯ ಹಟ.

ಅಧಿಕಾರಿ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೀವೇನು ಹೇಳ್ತೀರಮ್ಮಾ?"

ಹೇಳಲು ನೂರು ಮಾತು ಕಟ್ಟಿಕೊಂಡು ಬಂದಿದ್ದೆ. ಗೇಟಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿಸಿದ್ದರು. ಒಂದೂ ಬೇಕಾಗಲಿಲ್ಲ.

"ನಾನು ಹೇಳೋದೇನಿದೆ ಮೇಡಂ? ಇವರನ್ನೇ ಕೇಳಿ. ನಿನ್ನೆ ಒಳಗೆ ಕೂತಿದ್ದೋರು ಇವರು. ನಾನು ಹೊರಗೆ ಬಾಗಿಲು ಹಿಡ್ಕೊಂಡಿದ್ದೆ."

ವಕೀಲರು ತಲೆ ಎತ್ತಿದರು. ನನ್ನನ್ನು ನೋಡಿದರು. ಅವರ ಕೈ ತಾನಾಗಿ ನೆತ್ತಿಯ ಎಡಗಡೆ ಹೋಯಿತು.

ಗುಮಾಸ್ತನ ಬೆರಳು ಟೈಪು ಮಾಡುವುದನ್ನು ಬಿಟ್ಟಿತು. ಅಧಿಕಾರಿ ನಮ್ಮಿಬ್ಬರನ್ನೂ ನೋಡಿದರು. "ಹೌದೇನ್ರೀ?"

"ಅದು... ನನ್ನ ವೈಯಕ್ತಿಕ ವಿಷಯ ಮೇಡಂ."

"ಸುರಕ್ಷಿತ ಅಂತ ಈಗ ತಾನೇ ಓದಿದಿರಿ. ಬಾಗಿಲಿಗೆ ಚಿಲಕ ಇತ್ತಾ?"

ಅವರು ನೀರು ಕುಡಿದರು.

"ಇತ್ತಾ, ಇರಲಿಲ್ವಾ?"

"ನಾನು ಕಂಪನಿಯವರನ್ನ ಒಂದು ಮಾತು ಕೇಳಿ..."

"ಚಿಲಕ ಇತ್ತಾ ಅನ್ನೋದಕ್ಕೆ ಕಂಪನೀನ ಯಾಕೆ ಕೇಳಬೇಕು? ಕೂತಿದ್ದೋರು ನೀವು."

"ಇರಲಿಲ್ಲ," ಅಂದರು ವಕೀಲರು. ಬಹಳ ಸಣ್ಣ ದನಿ. ಗುಮಾಸ್ತ ಕೇಳಿಸಲಿಲ್ಲ ಅಂದ. ಎರಡನೆಯ ಸಲ ಹೇಳಬೇಕಾಯಿತು.

"ಮತ್ತೆ ಏನೋ ಅಂದ್ರಲ್ಲ ಸಾರ್," ಅಂದೆ ನಾನು. "ಮನುಷ್ಯರು ಹೋಗೋ ಜಾಗಾನಾ ಅಂತ. ಅದನ್ನೂ ಬರೆಸಿ."

ಅಧಿಕಾರಿ ಕರವಸ್ತ್ರ ಮುಖಕ್ಕೆ ಹಿಡಿದರು. ಶೀತಕ್ಕೋ ನಗುವಿಗೋ ತಿಳಿಯಲಿಲ್ಲ.

ಎಲ್ಲ ಗೆದ್ದೆವೆಂದು ಹೇಳಲಾರೆ. ಗುತ್ತಿಗೆ ಹಾಗೆಯೇ ಇದೆ. ಸಂಜೆ ನಮ್ಮ ಚೀಲ ಈಗಲೂ ತಡಕುತ್ತಾರೆ. ಅದಕ್ಕೆ ಇನ್ನೊಮ್ಮೆ ಗೇಟಿನ ಮುಂದೆ ಕೂರಬೇಕಾಗುತ್ತದೆ, ಕೂರುತ್ತೇವೆ. ಆದರೆ ನಿಲ್ದಾಣದ ಯಾವ ಶೌಚಾಲಯಕ್ಕಾದರೂ ಯಾರನ್ನೂ ಕೇಳದೆ ಹೋಗಬಹುದೆಂದು ಅಧಿಕಾರಿಯ ಆದೇಶ ಬಂತು. ಸಿಳ್ಳೆಯಪ್ಪನನ್ನು ಸಾಮಾನು ಇಳಿಸುವ ಕಡೆ ಹಾಕಿದರು, ಪೆಟ್ಟಿಗೆಗಳಿಗೆ ಸಿಳ್ಳೆ ಹೊಡೆದುಕೊಂಡಿದ್ದಾನೆ. ಬದಲಿ ಜನರಲ್ಲಿ ಕೆಲವರು ನಮ್ಮ ಜೊತೆಯೇ ಕೆಲಸಕ್ಕೆ ಸೇರಿದರು. ಅತ್ತೆಯನ್ನು ಕಂಪನಿ ಕರೆಯಲಿಲ್ಲ. "ನನ್ನಂಥ ಅಚ್ಚುಕಟ್ಟಿನೋಳು ಅವರಿಗೆಲ್ಲಿ ಸಿಗ್ತಾಳೆ?" ಎಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಾಳೆ.

ಕೆಲಸಕ್ಕೆ ಮರಳಿದ ಮೊದಲ ದಿನ, ಜನ ಗಿಜಿಗುಡುವ ಹೊತ್ತು. ದೊಡ್ಡಕ್ಕ ಮಾಪನ್ನು ಗೋಡೆಗೊರಗಿಸಿದಳು. ಯಾರ ಕಡೆಗೂ ಬೆರಳೆತ್ತಲಿಲ್ಲ. ಮೇಲಿನ ಮಹಡಿಯ ಶೌಚಾಲಯಕ್ಕೆ ಹೋಗಿ, ನಡುವಿನ ಬಾಗಿಲು ತೆರೆದು, ಒಳಗಿಂದ ಹಾಕಿಕೊಂಡಳು. ನಾನು ಕೈತೊಳೆಯುವ ಬೋಗುಣಿ ಉಜ್ಜುತ್ತಿದ್ದೆ. ಅವಳು ಹೊರಗೆ ಬರಲಿಲ್ಲ. ಸದ್ದೂ ಇಲ್ಲ. ಹಾಯಾಗಿ ಕೂತಿದ್ದಳು.

ಹೊರಗೆ ಸಾಲು ಬೆಳೆಯಿತು. ಮುಂದಿದ್ದವಳು, ಗಾಲಿ ಪೆಟ್ಟಿಗೆಯವಳು, ಬಾಗಿಲು ಬಡಿದಳು. ಕೆಳಗೆ ಬಗ್ಗಿ ಇಣುಕಿ ನಮ್ಮ ಹಸಿರು ಪ್ಯಾಂಟು, ರಬ್ಬರು ಬೂಟು ನೋಡಿದಳು. ನನ್ನ ಕಡೆ ತಿರುಗಿದಳು.

"ಒಳಗೆ ಕ್ಲೀನಿಂಗಿನವಳು ಇದಾಳೇನ್ರೀ?"

"ಇಲ್ಲ," ಅಂದೆ. "ಜನ ಇದಾರೆ. ಕಾಯಿರಿ."

ಅವಳು ಕಾದಳು.